ಹಗಲು ಹನ್ನೊಂದು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ಹೊಸ ದೇಶದಲ್ಲಿ ಏರಿಯಾ ಆರಿಸುವ ಬಗ್ಗೆ

ಬೇರೆ ದೇಶಕ್ಕೆ ಹೊರಟವರು ಮೊದಲು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. “ಅಲ್ಲಿ ಒಳ್ಳೆ ಏರಿಯಾ ಯಾವುದು?” ನಾನು ಅದಕ್ಕೆ ಉತ್ತರ ಕೊಡುವ ಮೊದಲು ಅವರನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ವಾರದ ದಿನ, ಹಗಲು ಹನ್ನೊಂದು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ?

ಕೆಲಸ ಸಿಕ್ಕಿ ಹೋಗುವವರಿಗೆ ಆಫೀಸು ಇರುತ್ತದೆ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ಮಾತಾಡಲು ನಾಲ್ಕು ಜನ, ಏನಾದರೂ ಗೊತ್ತಾಗದಿದ್ದರೆ ಕೇಳಲು ಪಕ್ಕದ ಸೀಟಿನವರು. ಮನೆ ಎಲ್ಲಿದ್ದರೂ ಅವರ ದಿನ ಹೇಗೋ ತುಂಬಿಕೊಳ್ಳುತ್ತದೆ. ಅವರ ಜೊತೆ ಹೋಗುವ ಹೆಂಡತಿಗೆ ಅಥವಾ ಗಂಡನಿಗೆ, ಇನ್ನೂ ಶಾಲೆಗೆ ಸೇರದ ಮಗುವಿಗೆ, ಕೆಲವು ತಿಂಗಳು ಇದ್ದು ಹೋಗಲು ಬರುವ ಅಪ್ಪ ಅಮ್ಮನಿಗೆ ಹೊಸ ದೇಶ ಅಂದರೆ ಆ ಮನೆ ಮತ್ತು ಅದರ ಸುತ್ತಲಿನ ನಾಲ್ಕು ಬೀದಿ. ಅಷ್ಟೇ. ಆದರೆ ಏರಿಯಾ ಆರಿಸುವವರು ಯಾರು ಹೇಳಿ? ಕೆಲಸ ಸಿಕ್ಕವರೇ. ಅದೂ ಮ್ಯಾಪ್ ತೆರೆದು, ಆಫೀಸಿನ ಮೇಲೆ ಬೆರಳಿಟ್ಟು, ಅಲ್ಲಿಂದ ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ. ಬೆರಳನ್ನು ಅಲ್ಲಿಂದ ತೆಗೆದು ಹಗಲು ಹೊತ್ತು ಮನೆಯಲ್ಲಿ ಇರುವವರ ಮೇಲೆ ಇಡಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿರುವುದು. ಮಿಕ್ಕಿದ್ದೆಲ್ಲ ಅದರಿಂದ ಹುಟ್ಟುವ ವಿವರ.

ಏರಿಯಾ ಅನ್ನುವುದು ಅಷ್ಟೊಂದು ಮುಖ್ಯಾನಾ ಅಂತ ಕೆಲವರಿಗೆ ಅನಿಸಬಹುದು. ಮಗು ಚೆನ್ನಾಗಿದ್ದರೆ ಎಲ್ಲಿದ್ದರೂ ಬೆಳೆಯುತ್ತದೆ ಅಲ್ವಾ? ಇದನ್ನು ಬಾಯಿಮಾತಿಗೆ ಬಿಡದೆ ಅಳೆದು ನೋಡಿದ ಒಂದು ಪ್ರಯೋಗ ಇದೆ. ಅಮೆರಿಕದ ಸರ್ಕಾರ 1994ರಲ್ಲಿ ಬಾಲ್ಟಿಮೋರ್, ಬಾಸ್ಟನ್, ಶಿಕಾಗೋ, ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ‘ಮೂವಿಂಗ್ ಟು ಆಪರ್ಚುನಿಟಿ’ ಎಂಬ ಯೋಜನೆ ಶುರು ಮಾಡಿತು. ತೀರಾ ಬಡ ಬಡಾವಣೆಗಳ ಸರ್ಕಾರಿ ವಸತಿಯಲ್ಲಿದ್ದ ಸುಮಾರು 4,600 ಕುಟುಂಬಗಳು ಅದರಲ್ಲಿದ್ದವು. ಲಾಟರಿ ಎತ್ತಿ ಒಂದಷ್ಟು ಜನರಿಗೆ ಬಾಡಿಗೆ ನೆರವು ಕೊಟ್ಟರು. ಷರತ್ತು ಏನು ಅಂದರೆ, ಬಡತನ ಕಡಿಮೆ ಇರುವ ಬಡಾವಣೆಗೆ ಹೋದರೆ ಮಾತ್ರ ಆ ನೆರವು ಸಿಗುತ್ತದೆ. ವರ್ಷಗಳಾದ ಮೇಲೆ ನೋಡಿದರೆ ದೊಡ್ಡವರ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಯೋಜನೆ ಸೋತಿತು ಅಂತಲೇ ಅನೇಕರು ಅಂದುಕೊಂಡರು. ಆಮೇಲೆ ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರೆನ್, ಲಾರೆನ್ಸ್ ಕಾಟ್ಜ್ ಎಂಬ ಅರ್ಥಶಾಸ್ತ್ರಜ್ಞರು ಆ ಮನೆಗಳ ಮಕ್ಕಳು ದೊಡ್ಡವರಾಗುವವರೆಗೆ ಕಾದು ಮತ್ತೆ ಲೆಕ್ಕ ತೆಗೆದರು. 2015ರಲ್ಲಿ ಅವರ ಫಲಿತಾಂಶ ಬಂತು. 13 ವರ್ಷ ತುಂಬುವ ಮೊದಲೇ ಹೊಸ ಬಡಾವಣೆಗೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ, ಹೋಗದೆ ಉಳಿದವರಿಗಿಂತ ಸುಮಾರು ಶೇಕಡ 31ರಷ್ಟು ಜಾಸ್ತಿ ಸಂಪಾದಿಸುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಆ ಲಾಭ ಸಿಗಲಿಲ್ಲ. ಸ್ವಲ್ಪ ನಷ್ಟವೇ ಆದಂತೆ ಕಾಣಿಸಿತು.

ಈ 31 ಅನ್ನುವ ಸಂಖ್ಯೆಯನ್ನು ನಿಮಗೆ ಅಂಟಿಸಿಕೊಳ್ಳಬೇಡಿ. ಅದು ಕಡು ಬಡತನದ ಬೀದಿಗಳಿಂದ ಹೊರಬಂದವರ ಕಥೆ. ನಾನು ಅದರಿಂದ ತೆಗೆದುಕೊಳ್ಳುವುದು ವಯಸ್ಸಿನ ಪಾಠ ಮಾತ್ರ. ಬೀದಿ, ಶಾಲೆ, ಜೊತೆಗಾರರು ಎಲ್ಲ ಮಗುವಿನ ಮೇಲೆ ನಿಧಾನವಾಗಿ, ವರ್ಷಗಟ್ಟಲೆ ಕೆಲಸ ಮಾಡುತ್ತವೆ. ಹಾಗಾಗಿ ಚಿಕ್ಕ ಮಕ್ಕಳಿದ್ದರೆ ಒಳ್ಳೆಯ ಏರಿಯಾ ಹುಡುಕಲು ಎರಡನೇ ಸಲ ಮನೆ ಬದಲಿಸಿದರೂ ಪರವಾಗಿಲ್ಲ. ಹದಿನಾಲ್ಕು ಹದಿನೈದು ವರ್ಷದ ಮಗ ಅಥವಾ ಮಗಳಿದ್ದರೆ ಲೆಕ್ಕವೇ ಬೇರೆ. ಅವರು ಈಗಾಗಲೇ ಗೆಳೆಯರನ್ನೆಲ್ಲ ಬಿಟ್ಟು ಬಂದಿರುತ್ತಾರೆ. ಹೊಸ ದೇಶದಲ್ಲಿ ಅವರು ಒಂದು ಶಾಲೆಗೆ ಸೇರಿ, ಕಷ್ಟಪಟ್ಟು ಇಬ್ಬರು ಗೆಳೆಯರನ್ನು ಮಾಡಿಕೊಂಡ ಮೇಲೆ, ಇದಕ್ಕಿಂತ ಒಳ್ಳೆ ಏರಿಯಾ ಸಿಕ್ಕಿತು ಅಂತ ಮತ್ತೆ ಕೀಳಬೇಡಿ. ಅವರ ಪಾಲಿಗೆ ಸ್ವಲ್ಪ ಕಡಿಮೆ ಮಟ್ಟದ ಏರಿಯಾದಲ್ಲಿ ನಾಲ್ಕು ವರ್ಷ ನೆಲೆ ನಿಲ್ಲುವುದೇ ಮೇಲು.

ಈಗ ಶಾಲೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. ಅನೇಕ ದೇಶಗಳಲ್ಲಿ ನೀವು ಶಾಲೆ ಆರಿಸುವುದಿಲ್ಲ, ನಿಮ್ಮ ವಿಳಾಸ ಆರಿಸುತ್ತದೆ. ಅಮೆರಿಕದಲ್ಲಿ ಹೆಚ್ಚಿನ ಸರ್ಕಾರಿ ಶಾಲೆಗಳಿಗೆ ಒಂದೊಂದು ಗಡಿ ಇರುತ್ತದೆ, ಆ ಗಡಿಯೊಳಗಿನ ಮನೆಗಳ ಮಕ್ಕಳು ಆ ಶಾಲೆಗೆ. ಶಾಲೆಗಳ ಹಣದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಸ್ಥಳೀಯವಾಗಿಯೇ, ಮುಖ್ಯವಾಗಿ ಮನೆಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಅದಕ್ಕೇ ಅಲ್ಲಿ ಎರಡು ಪಕ್ಕದ ಬಡಾವಣೆಗಳ ಶಾಲೆಗಳ ನಡುವೆ ಅಷ್ಟು ಅಂತರ ಇರಬಹುದು. ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು. ಇಂಗ್ಲೆಂಡಿನಲ್ಲಿ ಶಾಲೆಗೆ ಎಷ್ಟು ಹತ್ತಿರ ಇದ್ದೀರಿ ಅನ್ನುವುದು ದೊಡ್ಡ ವಿಷಯ, ಆದರೆ ಅದರ ಜೊತೆಗೆ ಕ್ಯಾಲೆಂಡರ್ ಕೂಡ ಇದೆ. ಪ್ರೈಮರಿ ಶಾಲೆಗೆ ಅರ್ಜಿ ಹಾಕಲು ಜನವರಿ 15 ಕೊನೆ, ಸೆಕೆಂಡರಿಗೆ ಅಕ್ಟೋಬರ್ 31. ನೀವು ವರ್ಷದ ನಡುವೆ ಇಳಿದರೆ ಎಲ್ಲಿ ಸೀಟು ಉಳಿದಿದೆಯೋ ಅಲ್ಲಿಗೆ. ಹೆಸರುವಾಸಿ ಶಾಲೆಯ ಗೇಟಿನ ಎದುರಿಗೇ ಮನೆ ಮಾಡಿದ್ದರೂ ತರಗತಿ ತುಂಬಿದ್ದರೆ ತುಂಬಿತು. ದುಬಾರಿ ಬಾಡಿಗೆ ಕೊಟ್ಟು ಒಂದು ಶಾಲೆಯ ಪಕ್ಕದಲ್ಲಿದ್ದುಕೊಂಡು, ಮಗುವನ್ನು ದಿನವೂ ಎರಡು ಬಸ್ಸು ಹತ್ತಿಸಿ ಬೇರೆ ಶಾಲೆಗೆ ಕಳಿಸುವ ಪರಿಸ್ಥಿತಿ ಬಂದುಬಿಡುತ್ತದೆ. ಹಾಗಾಗಿ ಆ ಶಾಲೆಯಲ್ಲಿ ನಿಮ್ಮ ಮಗುವಿನ ತರಗತಿಗೆ ಈಗ ಸೀಟು ಇದೆಯಾ ಅಂತ ಮೊದಲು ಕೇಳಿ, ಶಾಲೆ ಎಷ್ಟು ಒಳ್ಳೆಯದು ಅನ್ನುವುದನ್ನು ಆಮೇಲೆ ವಿಚಾರಿಸಿ.

ಇನ್ನು ಕೆಲವು ಕಡೆ ವಿಳಾಸದ ಕಟ್ಟು ಇಲ್ಲ. ಸ್ವೀಡನ್‌ನಲ್ಲಿ 1990ರ ದಶಕದ ಸುಧಾರಣೆಗಳ ನಂತರ ಕುಟುಂಬಗಳೇ ಶಾಲೆ ಆರಿಸಬಹುದು, ನೆದರ್ಲೆಂಡ್ಸ್‌ನಲ್ಲೂ ಆಯ್ಕೆ ಇದೆ. ಅಂಥ ದೇಶಕ್ಕೆ ಹೋಗುವವರು ಶಾಲೆಗಾಗಿ ಏರಿಯಾ ಆರಿಸಬೇಕು ಅಂತ ತಲೆ ಕೆಡಿಸಿಕೊಳ್ಳುವುದು ಕಡಿಮೆ ಮಾಡಬಹುದು. ಆದರೆ ಬೇರೆ ಏನೋ ಒಂದು ಇರುತ್ತದೆ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಿದ್ದಂತೆ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಕಳಿಸುತ್ತಾರೆ. ಬರ್ಲಿನ್ ಮತ್ತು ಬ್ರಾಂಡೆನ್‌ಬರ್ಗ್‌ನಲ್ಲಿ ಅದು ಆರನೇ ತರಗತಿಯ ನಂತರ. ಒಂಬತ್ತು ವರ್ಷದ ಮಗುವನ್ನು ಕರೆದುಕೊಂಡು, ಭಾಷೆ ಒಂದಕ್ಷರ ಬರದೆ ಅಲ್ಲಿಗೆ ಹೋಗುವವರಿಗೆ ಆ ಎರಡು ವರ್ಷ ಎಷ್ಟು ದೊಡ್ಡದು ಯೋಚಿಸಿ. ಕೆನಡಾದ ಕ್ವಿಬೆಕ್‌ನಲ್ಲಿ 1977ರ ಭಾಷಾ ಕಾನೂನಿನ ಪ್ರಕಾರ ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಮಾಂಟ್ರಿಯಲ್‌ಗೆ ಹೋಗುವ ಎಷ್ಟೋ ಮನೆಯವರು ಇದನ್ನು ಹೊರಡುವ ಮೊದಲು ಕೇಳಿಯೇ ಇರುವುದಿಲ್ಲ. ಅದು ಮಗುವಿಗೆ ಒಳ್ಳೆಯದೇ ಆಗಬಹುದು, ಚಿಕ್ಕ ಮಕ್ಕಳು ಭಾಷೆ ಬೇಗ ಹಿಡಿಯುತ್ತಾರೆ. ಆದರೆ ಗೊತ್ತಿದ್ದು ಹೋಗುವುದಕ್ಕೂ ಹೋದ ಮೇಲೆ ಗೊತ್ತಾಗುವುದಕ್ಕೂ ವ್ಯತ್ಯಾಸ ಇದೆ.

ಶಾಲೆಗಳ ರೇಟಿಂಗ್ ಬಗ್ಗೆ ಒಂದು ಮಾತು. ಹತ್ತಕ್ಕೆ ಒಂಬತ್ತು, ಹತ್ತಕ್ಕೆ ನಾಲ್ಕು ಅಂತ ಅಂಕ ಕೊಡುವ ವೆಬ್‌ಸೈಟುಗಳನ್ನು ನೋಡಿ, ಬೇಡ ಅನ್ನುವುದಿಲ್ಲ. ಆದರೆ ಪರೀಕ್ಷೆಯ ಸರಾಸರಿ ಅಂಕ ಹೆಚ್ಚಾಗಿ ಹೇಳುವುದು ಆ ಮಕ್ಕಳ ಅಪ್ಪ ಅಮ್ಮಂದಿರ ಆದಾಯ ಮತ್ತು ಓದಿನ ಬಗ್ಗೆ. ಮೇಷ್ಟ್ರು ಎಷ್ಟು ಚೆನ್ನಾಗಿ ಕಲಿಸುತ್ತಾರೆ ಅನ್ನುವುದು ಅದರಲ್ಲಿ ಪೂರ್ತಿ ಕಾಣಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಶಾಲೆಗಳ ತಪಾಸಣೆ ಮಾಡುವ ಆಫ್‌ಸ್ಟೆಡ್ ಸಂಸ್ಥೆ ಒಂದೇ ಪದದಲ್ಲಿ ಇಡೀ ಶಾಲೆಗೆ ದರ್ಜೆ ಕೊಡುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಆ ಪದ್ಧತಿ ಕೈಬಿಟ್ಟರು. ಒಂದು ಶಾಲೆಯನ್ನು ಒಂದು ಪದಕ್ಕೆ ಇಳಿಸಲಾಗದು ಅಂತ ಅವರಿಗೇ ಅನಿಸಿದ ಮೇಲೆ ನಾವು ಯಾಕೆ ಒಂದು ಅಂಕಕ್ಕೆ ಜೋತುಬೀಳಬೇಕು?

ಅದರ ಬದಲು ಶಾಲೆಯ ಆಫೀಸಿಗೆ ಒಂದು ಮೇಲ್ ಬರೆಯಿರಿ. ವರ್ಷದ ನಡುವೆ ಬೇರೆ ದೇಶದಿಂದ ಬಂದ ಮಗು ಸೇರಿದರೆ ಮೊದಲ ವಾರ ಏನು ಮಾಡುತ್ತೀರಿ? ಭಾಷೆಗೆ ಸಹಾಯ ಮಾಡಲು ಬೇರೆ ಟೀಚರ್ ಇದ್ದಾರಾ, ವಾರಕ್ಕೆ ಎಷ್ಟು ಹೊತ್ತು? ಮಗುವಿಗೆ ಜೊತೆಗೆ ಯಾರನ್ನಾದರೂ ಹಾಕುತ್ತೀರಾ? ಹೊಸಬರಿಗೆ ಅಭ್ಯಾಸ ಇರುವ ಶಾಲೆ ಒಂದೆರಡು ದಿನದಲ್ಲೇ, ಕೇಳದೇ ಇದ್ದದ್ದನ್ನೂ ಸೇರಿಸಿ ಉತ್ತರ ಬರೆಯುತ್ತದೆ. ಅಭ್ಯಾಸ ಇಲ್ಲದ್ದು ಫಾರ್ಮ್ ಕಳಿಸುತ್ತದೆ. ಆ ಉತ್ತರದ ಧಾಟಿಯನ್ನು ನಾನು ಯಾವ ರೇಟಿಂಗ್‌ಗಿಂತಲೂ ಹೆಚ್ಚು ನಂಬುತ್ತೇನೆ. ಬೇರೆ ಬೇರೆ ದೇಶದ ಮಕ್ಕಳನ್ನು ಕಂಡಿರುವ ಮಧ್ಯಮ ದರ್ಜೆಯ ಶಾಲೆ, ಯಾರೂ ಹೊರಗಿನವರು ಬರದ ಮೊದಲ ದರ್ಜೆಯ ಶಾಲೆಗಿಂತ ನಿಮ್ಮ ಮಗುವಿಗೆ ಮೊದಲ ವರ್ಷ ಚೆನ್ನಾಗಿರುತ್ತದೆ.

ಈಗ ಒಬ್ಬರು ಕೇಳಿದರು, ಒಳ್ಳೆ ಶಾಲೆ ಇರುವ ಕಡೆ ಬಾಡಿಗೆ ಕೈಗೆಟುಕುವುದಿಲ್ಲ, ಏನು ಮಾಡುವುದು ಅಂತ. ನಿಜ, ಅದೇ ದೊಡ್ಡ ಕಷ್ಟ. ನಾನು ಎರಡು ದಾರಿ ಹೇಳುತ್ತೇನೆ. ಅದೇ ಗಡಿಯೊಳಗೆ ಸಣ್ಣ ಮನೆ ನೋಡಿ. ಗಡಿ ಮುಖ್ಯವೇ ಹೊರತು ಕೋಣೆಗಳ ಲೆಕ್ಕ ಅಲ್ಲ, ಮಕ್ಕಳು ಚಿಕ್ಕವರಿದ್ದಾಗ ಒಂದೇ ಕೋಣೆಯಲ್ಲಿ ಮಲಗಿದರೆ ಏನೂ ಆಗುವುದಿಲ್ಲ. ಅದೂ ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಏರಿಯಾಗೆ ಬನ್ನಿ. ಬಾಡಿಗೆಗೇ ಸಂಬಳವೆಲ್ಲ ಸುರಿದು, ತಿಂಗಳ ಕೊನೆಗೆ ಗಂಡ ಹೆಂಡತಿ ಉದ್ವೇಗದಲ್ಲಿ ಇರುವ ಮನೆಯಲ್ಲಿ ಬೆಳೆಯುವ ಮಗುವಿಗೆ ಶಾಲೆ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನ ಕಡಿಮೆ. ಇದನ್ನು ನಾನು ತುಂಬಾ ಮನೆಗಳಲ್ಲಿ ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ.

ಶಾಲೆ ಸಾಕು. ಬೀದಿಗೆ ಬರೋಣ, ನನಗೆ ಇದು ಶಾಲೆಗಿಂತ ಹತ್ತಿರದ ವಿಷಯ.

1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸದ ಪ್ರೊಫೆಸರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ಮೂರೂ ಬೇರೆಲ್ಲದರಲ್ಲಿ ಹೆಚ್ಚುಕಡಿಮೆ ಒಂದೇ ಥರ, ಓಡಾಡುವ ಗಾಡಿಗಳ ಸಂಖ್ಯೆ ಮಾತ್ರ ಬೇರೆ. ಒಂದರಲ್ಲಿ ದಿನಕ್ಕೆ ಸುಮಾರು 2,000, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಅಲ್ಲಿನ ಮನೆಗಳಿಗೆ ಹೋಗಿ, ಈ ಬೀದಿಯಲ್ಲಿ ನಿಮಗೆ ಗೆಳೆಯರು ಎಷ್ಟು ಜನ ಅಂತ ಕೇಳಿದರು. ಗಾಡಿ ಕಡಿಮೆ ಇದ್ದ ಬೀದಿಯಲ್ಲಿ ತಲೆಗೆ ಸರಾಸರಿ ಮೂವರು ಗೆಳೆಯರು. ಗಾಡಿ ಜಾಸ್ತಿ ಇದ್ದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, 0.9. ತಮ್ಮ ಬೀದಿ ಎಲ್ಲಿಂದ ಎಲ್ಲಿಯವರೆಗೆ ಅಂತ ಚಿತ್ರದಲ್ಲಿ ತೋರಿಸಿ ಅಂದಾಗ ಮೊದಲ ಬೀದಿಯವರು ಇಡೀ ಬೀದಿಯನ್ನೇ ಸೇರಿಸಿಕೊಂಡರು. ಮೂರನೆಯ ಬೀದಿಯವರು ತಮ್ಮ ಬಾಗಿಲ ಮುಂದಿನ ಜಾಗಕ್ಕೇ ಗೆರೆ ಎಳೆದುಬಿಟ್ಟರು.

ಇದು ಅಲ್ಲೇ ಹುಟ್ಟಿ ಬೆಳೆದವರೂ ಇದ್ದ ಬೀದಿಗಳ ಕಥೆ. ಯಾರನ್ನೂ ತಿಳಿಯದೆ ಹೋಗಿ ಇಳಿಯುವ ನಿಮಗೆ ಅದರ ತೂಕ ಇನ್ನೂ ಜಾಸ್ತಿ. ಮನೆಯಲ್ಲಿ ಇರುವವರಿಗೆ ಮೊದಲ ಗೆಳತಿ ಸಿಗುವುದು ಪಾರ್ಟಿಯಲ್ಲಿ ಅಲ್ಲ. ಪಾರ್ಕಿನ ಜೋಕಾಲಿಯ ಹತ್ತಿರ, ಶಾಲೆಯ ಗೇಟಿನಲ್ಲಿ, ಲೈಬ್ರರಿಯ ಮಕ್ಕಳ ಮೂಲೆಯಲ್ಲಿ ಸಿಗುತ್ತಾರೆ. ಅಲ್ಲಿಗೆ ನಡೆದುಕೊಂಡು ಹೋಗಲು ಆಗಬೇಕು. ಅದಕ್ಕೇ ನನ್ನ ಪರೀಕ್ಷೆ ತುಂಬಾ ಸರಳ. ಗೂಗಲ್ ಮ್ಯಾಪಿನಲ್ಲಿ ಬೀದಿಯ ಫೋಟೋ ತೋರಿಸುವ ಸ್ಟ್ರೀಟ್ ವ್ಯೂ ತೆರೆದು, ಮನೆ ಬಾಗಿಲಿಂದ ಶಾಲೆಗೆ, ಪಾರ್ಕಿಗೆ, ಲೈಬ್ರರಿಗೆ, ದಿನಸಿ ಅಂಗಡಿಗೆ ಒಂದೊಂದಾಗಿ ‘ನಡೆದು’ ನೋಡಿ. ಫುಟ್‌ಪಾತ್ ನಡುವೆ ಎಲ್ಲಾದರೂ ಮುಗಿದುಹೋಗುತ್ತದಾ? ಆರು ಲೇನಿನ ರಸ್ತೆ ದಾಟಬೇಕಾ, ದಾಟಲು ಸಿಗ್ನಲ್ ಇದೆಯಾ? ಮ್ಯಾಪಿನಲ್ಲಿ ಪಾರ್ಕು ಮುನ್ನೂರು ಮೀಟರ್ ದೂರ ಅಂತ ತೋರಿಸುತ್ತದೆ, ನಡುವೆ ಹೆದ್ದಾರಿ ಇದ್ದರೆ ಅದು ಮುನ್ನೂರು ಮೀಟರ್ ಅಲ್ಲ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡವರಿಗೆ ಅದು ಇಲ್ಲದ ಪಾರ್ಕು. ಚಿತ್ರದಲ್ಲಿ ಮನುಷ್ಯರು ಕಾಣುತ್ತಾರಾ ಅಂತಲೂ ನೋಡಿ. ಫುಟ್‌ಪಾತ್ ಮೇಲೆ ಬಿದ್ದಿರುವ ಮಕ್ಕಳ ಸೈಕಲ್ಲು, ಅಂಗಳದಲ್ಲಿ ಚೆಂಡು ಇವೆಲ್ಲ ಯಾವ ವರದಿಯಲ್ಲೂ ಇರುವುದಿಲ್ಲ.

ಯುರೋಪಿಗೆ ಹೋಗುವವರಿಗೆ ಒಂದು ಸುಲಭದ ಗುರುತು ಹೇಳುತ್ತೇನೆ. ನೆದರ್ಲೆಂಡ್ಸ್‌ನವರು ಮನೆಗಳ ಮುಂದಿನ ಬೀದಿ ಮಕ್ಕಳದ್ದು, ಕಾರು ಅತಿಥಿ ಅನ್ನುವ ಲೆಕ್ಕದಲ್ಲಿ ‘ವೂನೆರ್ಫ್’ ಎಂಬ ಬೀದಿಗಳನ್ನು ಮಾಡಿದರು. 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಬಂತು. ಅಲ್ಲಿ ಗಾಡಿಗಳು ನಡಿಗೆಯ ವೇಗದಲ್ಲಿ ಹೋಗಬೇಕು. ಅದು ಬೇರೆ ದೇಶಗಳಿಗೂ ಹಬ್ಬಿತು. ನೀಲಿ ಬಣ್ಣದ ಫಲಕ, ಅದರ ಮೇಲೆ ಒಂದು ಮನೆ, ಒಂದು ಕಾರು, ಚೆಂಡಿನ ಜೊತೆ ಒಂದು ಮಗು. ಆ ಫಲಕ ಕಂಡ ಬೀದಿಯಲ್ಲಿ ಮನೆ ಖಾಲಿ ಇದ್ದರೆ ತಡ ಮಾಡಬೇಡಿ.

ಕಾರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಹೊರವಲಯದ ಬಡಾವಣೆಗಳು ನೋಡಲು ಚೆಂದ. ದೊಡ್ಡ ಮನೆ, ಹುಲ್ಲು, ಗದ್ದಲ ಇಲ್ಲ. ಮನೆಯಲ್ಲಿ ಒಂದೇ ಕಾರು, ಅದನ್ನು ಒಬ್ಬರು ಬೆಳಿಗ್ಗೆ ಆಫೀಸಿಗೆ ತೆಗೆದುಕೊಂಡು ಹೋದರೆ ಉಳಿದವರು ಸಂಜೆಯವರೆಗೆ ಆ ಚೆಂದದ ಮನೆಯೊಳಗೆ ಸಿಕ್ಕಿಹಾಕಿಕೊಂಡ ಹಾಗೆ. ಕೆಲವರಿಗೆ ವೀಸಾ ಕೆಲಸ ಮಾಡಲು ಬಿಡುವುದಿಲ್ಲ, ಡ್ರೈವಿಂಗ್ ಬರುವುದಿಲ್ಲ, ಹೊರಗೆ ಹೋದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಚಳಿಗಾಲ ಬಂದರೆ ಕೇಳುವುದೇ ಬೇಡ. ಹೊಸ ದೇಶದಲ್ಲಿ ಮಂಕು ಹಿಡಿದು ಕೂತ ಎಷ್ಟೋ ಹೆಣ್ಣುಮಕ್ಕಳ ಕಥೆಯ ಹಿಂದೆ ಬೇರೆ ಏನೂ ಇಲ್ಲ, ಆ ಏರಿಯಾ ಇದೆ. ಲೈಸೆನ್ಸ್ ಮಾಡಿಸಿಕೊಂಡರೆ ಆಯಿತು ಅನ್ನುತ್ತಾರೆ. ಅದಕ್ಕೂ ತಿಂಗಳುಗಳು ಹಿಡಿಯುತ್ತವೆ. ಊರಿನ ಲೈಸೆನ್ಸ್ ಬ್ರಿಟನ್ನಿನಲ್ಲಿ 12 ತಿಂಗಳು, ಜರ್ಮನಿಯಲ್ಲಿ 6 ತಿಂಗಳು ನಡೆಯುತ್ತದೆ, ಆಮೇಲೆ ಅಲ್ಲಿನದೇ ಬೇಕು. ಕಾರಿಲ್ಲದವರು ಇರುವ ಮನೆಗೆ ಬಸ್ಸೇ ಕಾರು. ಬಸ್ ಸ್ಟಾಪ್ ಹತ್ತಿರ ಇದೆ ಅನ್ನುವುದು ಸಾಲದು. ಹಗಲು ಹನ್ನೊಂದಕ್ಕೆ ಎಷ್ಟು ನಿಮಿಷಕ್ಕೊಂದು ಬಸ್ಸು, ಭಾನುವಾರ ಬಸ್ಸು ಇದೆಯಾ ಅನ್ನುವುದನ್ನು ವೇಳಾಪಟ್ಟಿಯಲ್ಲಿ ನೋಡಿ. ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷಕ್ಕೊಂದು ಬರುವ ಬಸ್ಸು ಮಧ್ಯಾಹ್ನ ಗಂಟೆಗೊಂದಾಗುವ ಊರುಗಳು ಬೇಕಾದಷ್ಟಿವೆ.

ಡಾಕ್ಟರ್ ಮತ್ತು ಮಕ್ಕಳ ಡೇಕೇರ್ ಎರಡೂ ವಿಳಾಸಕ್ಕೆ ಗಂಟುಬಿದ್ದ ವಿಷಯಗಳೇ. ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಸಾಮಾನ್ಯ ಕಾಯಿಲೆಗೆ ಮೊದಲು ನೋಡುವ ಡಾಕ್ಟರ್, ಅವರ ಕ್ಲಿನಿಕ್ಕುಗಳಿಗೆ ತಮ್ಮ ತಮ್ಮ ವ್ಯಾಪ್ತಿ ಇದೆ. ಕೆನಡಾದಲ್ಲಿ ಫ್ಯಾಮಿಲಿ ಡಾಕ್ಟರ್ ಸಿಗುವುದೇ ಕಷ್ಟ, ಹಾಗಾಗಿ ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿರುವ ಕ್ಲಿನಿಕ್ ಹತ್ತಿರದಲ್ಲಿ ಇದೆಯಾ ಅಂತ ಮನೆ ನೋಡುವಾಗಲೇ ಫೋನ್ ಮಾಡಿ. ಜರ್ಮನಿಯಲ್ಲಿ 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಡೇಕೇರ್ ಸೀಟು ಕಾನೂನಿನ ಹಕ್ಕು. ಹಕ್ಕಿದ್ದರೂ ಅನೇಕ ನಗರಗಳಲ್ಲಿ ಸೀಟು ಸಾಲುವುದಿಲ್ಲ, ಕಾಯುವ ಪಟ್ಟಿ ಉದ್ದ. ಹೋಗುವ ಮುಂಚೆಯೇ ಹೆಸರು ಕೊಡಲು ಆಗುತ್ತದಾ ಕೇಳಿ. ಕೆನಡಾದಲ್ಲಿ ಪರ್ಮನೆಂಟ್ ರೆಸಿಡೆಂಟ್ ಆಗಿ ಹೋಗುವವರಿಗೆ ಹೊಸಬರ ಸಹಾಯ ಕೇಂದ್ರಗಳು ಇವೆ. ಭಾಷೆಯ ತರಗತಿಯಿಂದ ಹಿಡಿದು ಶಾಲೆಗೆ ಅರ್ಜಿ ತುಂಬುವವರೆಗೆ ಪುಕ್ಕಟೆ ನೆರವು ಸಿಗುತ್ತದೆ, ಫೆಡರಲ್ ಸರ್ಕಾರ ಹಣ ಕೊಡುತ್ತದೆ. ಅಂಥ ಕೇಂದ್ರಕ್ಕೆ ಒಂದೇ ಬಸ್ಸಿನಲ್ಲಿ ಹೋಗಬಹುದಾದ ಮನೆ ಸಿಕ್ಕರೆ ಮನೆಯಲ್ಲಿರುವವರ ವಾರವೇ ಬೇರೆಯಾಗುತ್ತದೆ.

ನಮ್ಮವರು ಇರುವ ಕಡೆ ಮನೆ ಮಾಡಬೇಕಾ ಬೇಡವಾ? ಪ್ರತಿ ಸಲ ಈ ಪ್ರಶ್ನೆ ಬರುತ್ತದೆ, ಸ್ವಲ್ಪ ಸಂಕೋಚದಿಂದ ಕೇಳುತ್ತಾರೆ. ಸಂಕೋಚ ಬೇಡ. ನನ್ನ ಅಭಿಪ್ರಾಯ ಇದು: ಮೊದಲ ವರ್ಷಕ್ಕೆ, ನಿಮ್ಮ ಭಾಷೆ ಮಾತಾಡುವ ಒಂದೆರಡು ಮನೆ ನಡೆದು ಹೋಗುವ ದೂರದಲ್ಲಿ ಇದ್ದರೆ ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಬಸುರಿ ಇದ್ದರೆ, ಕೂಸು ಇದ್ದರೆ, ವಯಸ್ಸಾದ ಅಪ್ಪ ಅಮ್ಮ ಬರುವವರಿದ್ದರೆ ಇದು ಶಾಲೆಗಿಂತಲೂ ಮೇಲೆ. ರಾತ್ರಿ ಮಗುವಿಗೆ ಜ್ವರ ಬಂದಾಗ ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ನಿಮ್ಮ ಮಾತಿನಲ್ಲಿ ಹೇಳುವವರು ಬೇಕು. ಹಾಗಂತ ಬರೀ ನಮ್ಮವರೇ ಇರುವ ಅಪಾರ್ಟ್‌ಮೆಂಟಿನಲ್ಲಿ ನೆಲೆ ನಿಂತರೆ ಮಕ್ಕಳಿಗೆ ಹೊಸ ಭಾಷೆ ತಡವಾಗಬಹುದು, ದೊಡ್ಡವರಿಗಂತೂ ಅದು ಬರುವುದೇ ಇಲ್ಲ. ಮೊದಲ ವರ್ಷ ಹತ್ತಿರ ಇದ್ದು ಆಮೇಲೆ ನೋಡಿಕೊಂಡರಾಯಿತು.

ಇಲ್ಲಿ ಅಮೆರಿಕಕ್ಕೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಹತ್ತಿರ, ಈ ಏರಿಯಾದಲ್ಲಿ ಯಾವ ಜನ ಇದ್ದಾರೆ, ನಮ್ಮವರು ಎಲ್ಲಿದ್ದಾರೆ ಅಂತ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ. ಮರ್ಯಾದೆ ಇಲ್ಲದೆ ಹಾಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. 1968ರ ಫೇರ್ ಹೌಸಿಂಗ್ ಕಾನೂನಿನ ಪ್ರಕಾರ ಜನಾಂಗ, ಧರ್ಮ, ಮೂಲ ದೇಶ ನೋಡಿ ಜನರನ್ನು ಒಂದು ಬಡಾವಣೆಯ ಕಡೆ ತಳ್ಳುವುದು ತಪ್ಪು. ಏರಿಯಾ ಸೇಫಾ, ಸಂಸಾರಸ್ಥರಿಗೆ ಒಳ್ಳೆಯದಾ ಅಂತ ಕೇಳಿದರೂ ಅನೇಕರು ನುಣುಚಿಕೊಳ್ಳುತ್ತಾರೆ. ಅದೇ ಕಾನೂನು ನಿಮ್ಮ ಪರವಾಗಿಯೂ ಇದೆ. 1988ರ ತಿದ್ದುಪಡಿಯ ನಂತರ, ಮಕ್ಕಳಿದ್ದಾರೆ ಅನ್ನುವ ಕಾರಣಕ್ಕೆ ಮನೆ ಕೊಡುವುದಿಲ್ಲ ಅನ್ನುವಂತಿಲ್ಲ, ಹಿರಿಯರಿಗೇ ಮೀಸಲಾದ ವಸತಿಯಂಥ ಕೆಲವು ಕಡೆ ಬಿಟ್ಟು. ಹಾಗೆಯೇ 1982ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವಲಸೆಯ ಕಾಗದಪತ್ರ ಏನೇ ಇರಲಿ, ಸರ್ಕಾರಿ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ವಿಳಾಸಕ್ಕೆ ಪುರಾವೆ ಕೇಳಬಹುದು.

ಸುರಕ್ಷತೆ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಕಳ್ಳತನ. ಇಂಗ್ಲೆಂಡ್, ವೇಲ್ಸ್‌ನ ಪೊಲೀಸರು ಬೀದಿ ಬೀದಿಯ ಅಪರಾಧದ ಮ್ಯಾಪನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಅಮೆರಿಕದ ಅನೇಕ ನಗರಗಳಲ್ಲೂ ಇದೆ. ನೋಡುವಾಗ ಒಂದು ಎಚ್ಚರ. ಮಾಲ್, ರೈಲ್ವೆ ಸ್ಟೇಷನ್ ಇರುವ ಜಾಗದಲ್ಲಿ ಚುಕ್ಕೆಗಳು ತುಂಬಾ ಕಾಣುತ್ತವೆ, ಅದು ಹೆಚ್ಚಾಗಿ ಅಂಗಡಿ ಕಳ್ಳತನ, ಜೇಬುಗಳ್ಳತನ. ಮನೆಗೆ ನುಗ್ಗುವುದು, ಹಲ್ಲೆ ಇವನ್ನು ಬೇರೆ ತೆಗೆದು ನೋಡಿ.

ಆದರೆ ಚಿಕ್ಕ ಮಕ್ಕಳ ವಿಷಯದಲ್ಲಿ ನನಗೆ ಕಳ್ಳರಿಗಿಂತ ಜಾಸ್ತಿ ಭಯ ಇರುವುದು ಗೋಡೆ ಮತ್ತು ಗಾಳಿಯ ಬಗ್ಗೆ. ಅಮೆರಿಕದಲ್ಲಿ ಮನೆಗಳಿಗೆ ಸೀಸ ಬೆರೆತ ಬಣ್ಣ ಬಳಿಯುವುದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕಿಂತ ಹಳೆಯ ಮನೆಯಲ್ಲಿ ಬಣ್ಣ ಉದುರುತ್ತಿದ್ದರೆ ಆ ಪುಡಿ ತೆವಳುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಹಾಗಾಗಿ 1978ಕ್ಕಿಂತ ಮುಂಚಿನ ಮನೆ ಬಾಡಿಗೆಗೆ ಕೊಡುವವರು ಸೀಸದ ಬಗ್ಗೆ ತಮಗೆ ಗೊತ್ತಿರುವುದನ್ನು ಕಾಗದದಲ್ಲಿ ಕೊಡಬೇಕು ಅಂತ ನಿಯಮ ಇದೆ. ಕೇಳಿ ತೆಗೆದುಕೊಳ್ಳಿ. ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳು, ಪಿಎಂ 2.5 ಅನ್ನುತ್ತಾರಲ್ಲ, ಅದು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಜಗತ್ತಿನಲ್ಲಿ ಅಷ್ಟು ಶುದ್ಧ ಇರುವ ನಗರ ಕಡಿಮೆ. ಆದರೆ ಒಂದೇ ನಗರದೊಳಗೆ ಹೆದ್ದಾರಿ ಪಕ್ಕದ ಮನೆಗೂ ನಾಲ್ಕು ಬೀದಿ ಒಳಗಿನ ಮನೆಗೂ ವ್ಯತ್ಯಾಸ ಇರುತ್ತದೆ, ಅದು ನಿಮ್ಮ ಕೈಯಲ್ಲಿದೆ. ನೆರೆ ಬರುವ ಜಾಗದ ಮ್ಯಾಪುಗಳನ್ನು ಹೆಚ್ಚಿನ ಸರ್ಕಾರಗಳು ಪುಕ್ಕಟೆ ಕೊಡುತ್ತವೆ, ಐದು ನಿಮಿಷದ ಕೆಲಸ.

ಬಾಡಿಗೆ ವಿಷಯ ಬೇಗ ಹೇಳುತ್ತೇನೆ. ಮೊದಲ ವರ್ಷ ಮನೆ ಕೊಳ್ಳಬೇಡಿ, ಬ್ಯಾಂಕು ಸಾಲ ಕೊಡುತ್ತೇನೆ ಅಂದರೂ. ಒಂದು ಚಳಿಗಾಲ ಕಳೆಯದೆ ಆ ಬೀದಿ ನಿಮಗೆ ಗೊತ್ತಾಗುವುದಿಲ್ಲ. ಮನೆ ಕಣ್ಣಿಂದ ನೋಡದೆ, ಅಥವಾ ನಂಬಿಕಸ್ಥರು ಹೋಗಿ ನೋಡದೆ, ಮುಂಗಡ ಕಳಿಸಬೇಡಿ. ಬೇರೆಯವರ ಮನೆಯ ಫೋಟೋ ಹಾಕಿ ಹೊರದೇಶದವರಿಂದ ದುಡ್ಡು ಕೀಳುವುದು ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಮುಂಗಡಕ್ಕೆ ಎಷ್ಟು ಕಡೆ ಮಿತಿ ಇದೆ ಅಂದರೆ ನಿಮಗೆ ಆಶ್ಚರ್ಯ ಆಗಬಹುದು. ಜರ್ಮನಿಯಲ್ಲಿ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ, ಅದೂ ಬೇರೆ ಖರ್ಚು ಸೇರಿಸದ ಬರೀ ಬಾಡಿಗೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆ, ಇದು 2019ರಿಂದ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸೆಕ್ಯುರಿಟಿ ಡಿಪಾಸಿಟ್ ಅರ್ಧ ತಿಂಗಳದ್ದು. ಒಂಟಾರಿಯೋದಲ್ಲಿ ಕೊನೆಯ ತಿಂಗಳ ಬಾಡಿಗೆಯನ್ನು ಮುಂಚಿತವಾಗಿ ಪಡೆಯಬಹುದು, ಹಾಳಾದರೆ ರಿಪೇರಿಗೆ ಅಂತ ಡಿಪಾಸಿಟ್ ಕೇಳುವಂತಿಲ್ಲ. ಹೊಸಬರಿಗೆ ಇದು ಗೊತ್ತಿರುವುದಿಲ್ಲ ಅನ್ನುವುದು ಕೆಲವು ಮಾಲೀಕರಿಗೆ ಚೆನ್ನಾಗಿ ಗೊತ್ತು.

ಇಳಿದ ಕೂಡಲೇ ಉಳಿಯುವ ತಾತ್ಕಾಲಿಕ ಜಾಗವನ್ನು ಆಫೀಸಿನ ಹತ್ತಿರ ಬುಕ್ ಮಾಡುವವರೇ ಹೆಚ್ಚು. ನೀವು ಯೋಚಿಸುತ್ತಿರುವ ಏರಿಯಾದಲ್ಲೇ ಮಾಡಿ. ಆ ಕೆಲವು ವಾರ ಅಲ್ಲಿನ ಬಸ್ಸು ಹತ್ತಿ, ಅಲ್ಲಿನ ಪಾರ್ಕಿಗೆ ಹೋಗಿ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಿ. ಮಕ್ಕಳು ಹೇಗೆ ಹೊರಗೆ ಬರುತ್ತಾರೆ, ಕರೆದುಕೊಂಡು ಹೋಗಲು ಬಂದವರು ಒಬ್ಬರನ್ನೊಬ್ಬರು ಮಾತಾಡಿಸುತ್ತಾರಾ, ಎಷ್ಟು ಜನ ನಡೆದು ಬಂದಿದ್ದಾರೆ. ಬುಕ್ ಮಾಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಆ ವಿಳಾಸದಲ್ಲಿ ನೋಂದಣಿ ಮಾಡಿಸಬಹುದಾ? ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು. ನೆದರ್ಲೆಂಡ್ಸ್‌ನಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಐದು ದಿನದೊಳಗೆ, ಜಪಾನಿನಲ್ಲಿ 14 ದಿನದೊಳಗೆ. ಪ್ರವಾಸಿಗರಿಗೆ ಕೊಡುವ ರೂಮಿನವರು ಅನೇಕ ಸಲ ಆ ಪತ್ರ ಕೊಡುವುದಿಲ್ಲ. ನೋಂದಣಿ ಆಗದಿದ್ದರೆ ತೆರಿಗೆಯ ನಂಬರು, ಬ್ಯಾಂಕು, ಮಗುವಿನ ಶಾಲೆ ಎಲ್ಲ ಒಂದರ ಹಿಂದೆ ಒಂದು ನಿಂತುಬಿಡುತ್ತವೆ.

ಕೊನೆಗೆ ಎರಡು ಮನೆ ಉಳಿಯುತ್ತವೆ ಅಂದುಕೊಳ್ಳಿ. ಆಗ ಆಯ್ಕೆಯನ್ನು ಹಗಲು ಹೊತ್ತು ಅಲ್ಲಿ ಇರುವವರಿಗೆ ಬಿಟ್ಟುಬಿಡಿ. ಹೆಂಡತಿ ಮನೆಯಲ್ಲಿ ಇರುವವರಾದರೆ ಅವರಿಗೆ, ಹದಿಹರೆಯದ ಮಗಳಿದ್ದರೆ ಅವಳನ್ನೂ ಕೂರಿಸಿಕೊಂಡು. ಅವರು ದೂರದ ಮನೆ ಆರಿಸಿ ನಿಮ್ಮ ಪ್ರಯಾಣ ಇಪ್ಪತ್ತು ನಿಮಿಷ ಜಾಸ್ತಿ ಆದರೆ ಆಗಲಿ, ಒಪ್ಪಿಕೊಳ್ಳಿ. ಆಮೇಲೆ ಸಹಿ ಹಾಕುವ ಮುಂಚೆ ಆ ಮನೆಯ ಪೂರ್ತಿ ವಿಳಾಸವನ್ನು, ಮನೆ ನಂಬರ್ ಸಮೇತ, ಶಾಲೆಗೆ ಅಥವಾ ಅಲ್ಲಿನ ಶಿಕ್ಷಣ ಕಚೇರಿಗೆ ಕಳಿಸಿ, ಇದು ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆ, ಸೀಟು ಇದೆಯಾ ಅಂತ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಮಾಲೀಕರು ಹೇಳಿದರು, ಜಾಹೀರಾತಿನಲ್ಲಿ ಹಾಕಿದ್ದರು ಅನ್ನುವುದನ್ನು ನಂಬಬೇಡಿ. ಗಡಿಗಳು ಬದಲಾಗುತ್ತಿರುತ್ತವೆ, ಜಾಹೀರಾತು ಹಳೆಯದೇ ಉಳಿದಿರುತ್ತದೆ.